ಎದುರು ಮನೆಯ ಟಿಫಿನ್ ಕ್ಯಾರಿಯರ್

ಕ್ಯುರೇಟರ್ ಅಂದರೆ ಏನು ಕೆಲಸ ಎಂದು ಅವ್ವ ಕೇಳಿದಾಗ ನಾನು ಸರಳವಾಗಿ ಹೇಳಲು ಹೋಗಿ ಕೆಟ್ಟೆ. "ಊರಿನವರ ಸಾಮಾನು ತಂದು, ಒರೆಸಿ, ಸಾಲಾಗಿ ಜೋಡಿಸಿ, ಬಂದವರಿಗೆ ತೋರಿಸೋದು" ಅಂದೆ.

"ಅದಕ್ಕೆ ಬೆಂಗಳೂರಿನವರು ಕಾಗದ ಬರೀಬೇಕಾ? ನಿನ್ನ ಮದ್ವೆಯಾಗೆ ನಿಂಗೆ ಕೊಟ್ಟ ಪಾತ್ರೆನೆಲ್ಲ ಎರಡು ದಿನ ಜೋಡಿಸಿ, ಬೀಗರಿಗೆ ತೋರಿಸಿದೋಳು ನಾನು. ನಂಗೆ ಯಾರೂ ಏನೂ ಅನ್ನಲಿಲ್ಲ" ಎಂದು ಅವ್ವ ಟೀವಿಯ ಕಡೆ ತಿರುಗಿದಳು.

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಇಪ್ಪತ್ತಾರು ವರ್ಷದಿಂದ ಮಕ್ಕಳಿಂದ ಮಾವಿನಹಣ್ಣು, ಸೂರ್ಯೋದಯ ಬರೆಸಿ ಬರೆಸಿ ನನಗೇ ಸಾಕಾಗಿತ್ತು. ಬೆಂಗಳೂರಿನ ಒಂದು ಕಲಾ ಪ್ರತಿಷ್ಠಾನ 'ಸಮುದಾಯವೇ ರೂಪಿಸುವ ಪ್ರದರ್ಶನ'ಗಳಿಗೆ ಅರ್ಜಿ ಕರೆದಾಗ, ಯಾವ ಧೈರ್ಯದಲ್ಲೋ ಅರ್ಜಿ ಹಾಕಿಬಿಟ್ಟೆ. ಆ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಪ್ರದರ್ಶನದ ವಸ್ತುಗಳ ಮೇಲೆ ಸಮುದಾಯಕ್ಕೆ ಎಷ್ಟು ಹಕ್ಕಿರುತ್ತದೆ? ನಾನು 'ಸಂಪೂರ್ಣ' ಎಂದು ಬರೆದೆ. ಬರೆಯುವುದಕ್ಕೇನು ಕಷ್ಟ!

ನನ್ನ ವಿಚಾರ ಮಾತ್ರ ಈಗಲೂ ಒಳ್ಳೆಯದೇ ಅನ್ನಿಸುತ್ತದೆ. ಹೊಲದ ಪಹಣಿಯಲ್ಲಿ ಗಂಡಸರ ಹೆಸರು, ಕಂದಾಯದ ರಸೀದಿಯಲ್ಲಿ ಗಂಡಸರ ಹೆಸರು, ಗೇಟಿನ ಪಕ್ಕದ ಕಲ್ಲಿನ ಮೇಲೂ ಅವರದೇ. ನಮ್ಮ ಕಡೆಯ ಹೆಂಗಸರ ಹೆಸರು ಅಳಿಸದ ಹಾಗೆ ಬರೆದಿರುವುದು ಪಾತ್ರೆಯ ಮೇಲೆ ಮಾತ್ರ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಂಡರೆ ಅಂಗಡಿಯ ಮುಂದೆಯೇ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಅಂಥ ಪಾತ್ರೆಗಳನ್ನು ದಾವಣಗೆರೆ, ಹರಿಹರ ಎರಡೂ ಊರಿನ ಮನೆಗಳಿಂದ ತಂದು, ನಾನು ಹುಟ್ಟಿ ಬೆಳೆದ ಹರಿಹರದ ಓಣಿಯ ಸಮುದಾಯ ಭವನದಲ್ಲಿ ಮೂರು ದಿನ ಇಡುವುದು ನನ್ನ ಯೋಜನೆ. ಕೊನೆಯ ದಿನ, ಭಾನುವಾರ, ಪ್ರತಿಷ್ಠಾನದವರು ಬಂದು ನೋಡುವುದು ಎಂದಾಗಿತ್ತು.

ಜೊತೆಗೆ ಒಬ್ಬ ಚಾಚಾ ಸಿಕ್ಕರು. ದಾವಣಗೆರೆ ಪೇಟೆಯ ಪಾತ್ರೆ ಅಂಗಡಿಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಕರೆಂಟಿನ ಪೆನ್ನು ಹಿಡಿದು ನಲವತ್ತು ವರ್ಷ ಪಾತ್ರೆಗಳ ಮೇಲೆ ಹೆಸರು ಬರೆದವರು. ಯಾವ ಚೊಂಬು ತೋರಿಸಿದರೂ ಕನ್ನಡಕ ಏರಿಸಿ ನೋಡಿ, "ಇದು ನಂದೇ ಕೈ. ಇದು ಬ್ಯಾರೆಯವ್ನದು, ಅವ್ನಿಗೆ ಒತ್ತಕ್ಷರ ಬರ್ತಿರಲಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಎರಡು ತಿಂಗಳ ಭಾನುವಾರಗಳೆಲ್ಲ ನಾವಿಬ್ಬರೂ ಮನೆ ಮನೆ ತಿರುಗಿ ಎಂಬತ್ತಮೂರು ಪಾತ್ರೆ ಕೂಡಿಹಾಕಿದೆವು.

ತಿರುಗುವಾಗಲೇ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಯಾವ ಮನೆಗೆ ಹೋದರೂ ಕಾಲುಪಾಲು ಪಾತ್ರೆಗಳ ಮೇಲೆ ಬೇರೆ ಮನೆಯವರ ಹೆಸರು. ಕದ್ದದ್ದಲ್ಲ, ಪಾಪ. ಪಕ್ಕದ ಮನೆಯಿಂದ ಹೋಳಿಗೆ ಬರುತ್ತದೆ. ಪಾತ್ರೆ ಖಾಲಿ ವಾಪಸು ಕೊಡಬಾರದು, ನಾವೂ ಏನಾದರೂ ತುಂಬಿಯೇ ಕೊಡಬೇಕು. ಏನೋ ಒಂದು ತುಂಬಿದರೂ ಆಗುವುದಿಲ್ಲ, ಬಂದದ್ದರ ಸರಿಸಮ ಇರಬೇಕು. ಅಂಥದ್ದು ಮಾಡಿದಾಗ ಕೊಡೋಣ ಎಂದು ಪಾತ್ರೆ ಮೇಲಿನ ಹಲಗೆಗೆ ಹೋಗುತ್ತದೆ. ಹಬ್ಬ ಬರುತ್ತದೆ, ಹೋಗುತ್ತದೆ, ಮನೆಗೆ ಸೊಸೆ ಬರುತ್ತಾಳೆ, ಅವಳು ಅದನ್ನು ನಮ್ಮದೇ ಎಂದುಕೊಂಡು ಅದರಲ್ಲಿ ಹುಣಸೆಹಣ್ಣು ನೆನೆಹಾಕುತ್ತಾಳೆ. ಎಲ್ಲರ ಮನೆಯಲ್ಲೂ ಇದೇ ಕಥೆಯಾದ್ದರಿಂದ ಯಾರೂ ಯಾರನ್ನೂ ಕೇಳುವುದಿಲ್ಲ.

ಇಷ್ಟು ಗೊತ್ತಿದ್ದೂ ನಾನು ಏನು ಮಾಡಿದೆ? ಪ್ರತಿ ಪಾತ್ರೆಯ ಮುಂದೆ ಅಚ್ಚುಕಟ್ಟಾಗಿ ಪ್ರಿಂಟು ಹಾಕಿಸಿದ ಚೀಟಿ ಇಟ್ಟೆ. ಮೊದಲ ಸಾಲು, 'ಮೇಲಿರುವ ಹೆಸರು'. ಎರಡನೆಯ ಸಾಲು, 'ಈಗ ಇರುವ ಮನೆ'.

ಚಾಚಾ ಚೀಟಿಗಳನ್ನು ಒಂದೊಂದಾಗಿ ಓದಿ ಮುಖ ಹುಳ್ಳಗೆ ಮಾಡಿದರು. "ಮೇಡಂ, ಎರಡನೇ ಲೈನ್ ಬ್ಯಾಡ್ರಿ."

"ಯಾಕ ಚಾಚಾ?"

"ಬ್ಯಾಡ ಅಂದ್ರೆ ಬ್ಯಾಡ. ಫಜೀತಿ ಆಗ್ತೈತೆ."

ನಾನು ಅವರಿಗೆ ವಸ್ತುವೊಂದರ ಪಯಣದ ಬಗ್ಗೆ, ಅದು ಕೈ ದಾಟಿದ ಹಾಗೆ ಅದರ ಅರ್ಥ ಬೆಳೆಯುವ ಬಗ್ಗೆ ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಅವರು ಪೂರ್ತಿ ಕೇಳಿ, "ನಿಮ್ಮ ಮರ್ಜಿ" ಎಂದು ಚಹಾ ಕುಡಿಯಲು ಹೋದರು.

ಉದ್ಘಾಟನೆಯ ಹಿಂದಿನ ದಿನ ಜೋಡಿಸುವಾಗ ಸ್ಟೀಲಿನ ಸಾಲಿನಲ್ಲಿ ಒಂದು ಟಿಫಿನ್ ಕ್ಯಾರಿಯರ್ ಇದ್ದರೆ ಚೆಂದ ಅನ್ನಿಸಿತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಅಟ್ಟದಲ್ಲಿ ಒಂದನ್ನು ನೋಡಿದ ನೆನಪು. ಅವ್ವ ಶಾಮನೂರಿಗೆ ಯಾರದೋ ಸೀಮಂತಕ್ಕೆ ಹೋಗಿದ್ದಳು. ಸ್ಟೂಲು ಹತ್ತಿ ನಾನೇ ಇಳಿಸಿಕೊಂಡೆ. ನಾಲ್ಕು ಡಬ್ಬಿಯ ದಪ್ಪ ಸ್ಟೀಲಿನ ಕ್ಯಾರಿಯರ್, ಹಳೇ ಸೀರೆಯಲ್ಲಿ ಸುತ್ತಿಟ್ಟಿತ್ತು. ಮುಚ್ಚಳದ ಮೇಲೆ ಒಬ್ಬ ಹೆಂಗಸಿನ ಹೆಸರು. ನಮ್ಮ ಬಂಧುಬಳಗದಲ್ಲೆಲ್ಲ ಹುಡುಕಿದೆ, ಅಂಥ ಹೆಸರಿನವರು ಯಾರೂ ನೆನಪಾಗಲಿಲ್ಲ. ಹೊತ್ತಾಗಿತ್ತು. ಚೀಟಿಯ ಮೇಲೆ ಹೆಸರು ಬರೆದು, ಕೆಳಗೆ 'ಯಾರೆಂದು ತಿಳಿದಿಲ್ಲ. ಈಗ ಇರುವುದು ಸಂಯೋಜಕಿಯ ಮನೆಯಲ್ಲಿ' ಎಂದು ಸೇರಿಸಿದೆ. ನಮ್ಮ ಮನೆಯ ಗುಟ್ಟನ್ನೂ ಮುಚ್ಚಿಡದ ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅವ್ವನಿಂದಲೇ ದೀಪ ಹಚ್ಚಿಸಿ ಉದ್ಘಾಟನೆ ಮಾಡಿಸುವುದು ಎಂದಿತ್ತು. ಅವ್ವ ರೇಷ್ಮೆ ಸೀರೆಯುಟ್ಟು ಬಂದು, ದೀಪಕ್ಕೆ ಮೊದಲು ಒಂದು ಸುತ್ತು ನೋಡುತ್ತೇನೆ ಅಂದಳು. "ಕೊಳಗ ಹಿಂದಿಡ್ಬೇಕು, ಚೊಂಬು ಮುಂದೆ. ಇಷ್ಟೂ ಗೊತ್ತಾಗಲ್ಲಲ್ಲೇ ನಿಂಗೆ" ಎನ್ನುತ್ತ ಸಾಲಿನುದ್ದಕ್ಕೂ ಬಂದವಳು ಕ್ಯಾರಿಯರ್ ಎದುರು ನಿಂತುಬಿಟ್ಟಳು. ಚೀಟಿ ಓದಿದಳು.

"ನಂಗೆ ಮಂಡಿ ನೋಯ್ತೈತೆ. ಮನೆಗೆ ಹೋಗ್ತೀನಿ" ಅಂದಳು.

"ದೀಪ ಹಚ್ಚು ಅವ್ವ, ಎರಡು ನಿಮಿಷ!"

"ಹಚ್ಚೋಕೆ ಬಗ್ಗಬೇಕಲ್ಲ" ಎಂದವಳು, ಮಂಡಿ ನೋಯುವವರು ಯಾರೂ ನಡೆಯದಷ್ಟು ಬಿರುಸಾಗಿ ನಡೆದು ಆಟೋ ಹತ್ತಿದಳು. ದೀಪವನ್ನು ಚಾಚಾ ಹಚ್ಚಿದರು. ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಚೀಟಿ ಓದಲು ಶುರುಮಾಡಿದರು.

ಐದು ನಿಮಿಷ ಭವನ ತಣ್ಣಗಿತ್ತು. ಆರನೆಯ ನಿಮಿಷಕ್ಕೆ ಮೂಲೆಯಿಂದ, "ಅಯ್ಯಯ್ಯೋ, ನಮ್ಮತ್ತೆ ಚೊಂಬು! ಇದು ಇವರ ಮನೆಗೆ ಹೆಂಗೆ ಹೋತು?" ಎಂಬ ಕೂಗು ಕೇಳಿತು. 'ಇವರು' ಪಕ್ಕದಲ್ಲೇ ನಿಂತಿದ್ದರು. ಅವರು, "ನಿಮ್ಮ ಚೊಂಬು ನಮ್ಮನ್ಯಾಗೆ ಐತೆ ಅಂತ ಬರ್ದಾರಲ್ಲ, ನಮ್ಮ ಎರಡು ಬೋಗುಣಿ ನಿಮ್ಮನ್ಯಾಗೆ ಇರೋದು ಯಾಕ ಬರ್ದಿಲ್ಲ?" ಎಂದು ನನ್ನ ಕಡೆ ತಿರುಗಿದರು. ದಾವಣಗೆರೆಯಿಂದ ಬಂದಿದ್ದ ಒಬ್ಬರು ತಮ್ಮ ಮದುವೆಯಲ್ಲಿ ಕಳೆದುಹೋಯಿತೆಂದು ಅಡಿಗೆಯವರನ್ನು ಬೈದು ಕಳಿಸಿದ್ದ ಸೌಟನ್ನು ಸ್ವಂತ ನಾದಿನಿಯ ಹೆಸರಿನ ಚೀಟಿಯ ಹಿಂದೆ ಕಂಡರು. ಆ ಸೌಟಿನ ವಿಷಯಕ್ಕೆ ಇಬ್ಬರೂ ಎಷ್ಟು ಜೋರು ಮಾಡಿದರೆಂದರೆ, ಹೊರಗೆ ಹೋಗುತ್ತಿದ್ದ ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿ ಒಳಗೆ ಬಂದ.

ಜಗಳ ಹತ್ತಿದ ಕಡೆಯೆಲ್ಲ ಚಾಚಾನನ್ನು ಕರೆದರು. ಅವರು ಕನ್ನಡಕ ಏರಿಸಿ, ಬೆರಳಿನಿಂದ ಅಕ್ಷರ ಸವರಿ, ಯಾರ ಹೆಸರು, ಯಾರ ಕೈಬರಹ ಎಂದು ಸಾಕ್ಷಿ ಹೇಳಿದರು. ನಡುವೆ ಒಮ್ಮೆ ನನ್ನತ್ತ ನೋಡಿದರು. ನಾನು ಬೇರೆ ಕಡೆ ನೋಡಿದೆ.

"ಭಾನುವಾರದ ತನಕ ಯಾರೂ ಯಾವುದನ್ನೂ ಮುಟ್ಟಂಗಿಲ್ಲ!" ಎಂದು ಕ್ಲಾಸಿನಲ್ಲಿ ಕಿರುಚುವ ಹಾಗೆ ಕಿರುಚಿದೆ.

"ಅದೆಂಗೆ? ಇದೆಲ್ಲ ನಿಮ್ದೇ, ನಿಮ್ಗೇ ಪೂರ್ತಿ ಹಕ್ಕು ಅಂತ ಮನೆ ಬಾಗ್ಲಿಗೆ ಬಂದು ಹೇಳಿದೋಳು ನೀನೇ ಅಲ್ಲೇನವ್ವ?" ಎಂದು ಒಬ್ಬ ಅಜ್ಜಿ ಚೊಂಬನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಸಂಜೆ ಹೊತ್ತಿಗೆ ಗದ್ದಲ ಇಳಿದಿತ್ತು. ಬಾಗಿಲು ಹಾಕಬೇಕು ಎನ್ನುವಾಗ ನಮ್ಮ ಹಳೇ ಮನೆಯ ಎದುರು ಮನೆ ಚಿಕ್ಕಮ್ಮ ಬಂದಳು. ರಕ್ತಸಂಬಂಧ ಏನಿಲ್ಲ, ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ನಾನು ನಡೆಯಲು ಕಲಿತದ್ದು ಅವರ ಮನೆಯ ಪಡಸಾಲೆಯಲ್ಲಿ. ಹೋದ ವರ್ಷ ಅವಳ ಗಂಡ ತೀರಿಕೊಂಡಿದ್ದರು. ಆಗ ನಾನು ಪರೀಕ್ಷೆ ಕೆಲಸದ ನೆಪ ಹೇಳಿ, ಅವಳ ಮಗನ ಫೋನಿಗೆ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗಿದ್ದೆ. ಎರಡು ತಿಂಗಳಿಂದ ಅವಳು ಚಿತ್ರದುರ್ಗದ ಮಗಳ ಮನೆಯಲ್ಲಿದ್ದು, ಹಿಂದಿನ ದಿನವಷ್ಟೇ ಬಂದಿದ್ದಳು. ಪಾತ್ರೆ ಕೇಳಲು ಹೋದಾಗೆಲ್ಲ ಅವಳ ಮನೆಗೆ ಬೀಗ ಇರುತ್ತಿತ್ತು, ನನಗೂ ಅದು ಅನುಕೂಲವೇ ಆಗಿತ್ತು.

ಚಿಕ್ಕಮ್ಮ ಸಾಲು ನೋಡುತ್ತ ಬಂದು ಕ್ಯಾರಿಯರ್ ಮುಂದೆ ನಿಂತಳು. ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಗಟ್ಟಿಯಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಯಾ-ರೆಂ-ದು ತಿ-ಳಿ-ದಿ-ಲ್ಲ."

"ಇದು ಯಾರು ಬರ್ದಿದ್ದು?"

"ನಾನು, ಚಿಕ್ಕಮ್ಮ."

"ನನ್ನ ಹೆಸರು ನಿಂಗೆ ಗೊತ್ತಿಲ್ಲೇನು?"

ಐವತ್ತೆರಡು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ. ಹೆಂಗಸರ ಹೆಸರು ಉಳಿಸುತ್ತೇನೆಂದು ಊರೆಲ್ಲ ಸುತ್ತಿ ಬಂದ ನನಗೆ, ಎತ್ತಿ ಆಡಿಸಿದ ಚಿಕ್ಕಮ್ಮನ ಹೆಸರೇ ಗೊತ್ತಿರಲಿಲ್ಲ. ನಾಚಿಕೆಯಾಗಿ ಚೀಟಿ ಕಿತ್ತು ಕೈಯಲ್ಲಿ ಮುದುರಿಕೊಂಡು ಕ್ಯಾರಿಯರ್ ಎತ್ತಿ ಅವಳ ಮುಂದೆ ಹಿಡಿದೆ.

ಅವಳು ಕೈಚಾಚಲಿಲ್ಲ. "ನಮ್ಮನೆಯವ್ರು ತಮ್ಮ ಹೆಸರು ಬ್ಯಾಡ ಅಂತ ನನ್ನ ಹೆಸರು ಬರೆಸಿಕೊಂಡ್ ಬಂದಿದ್ರು ಇದಕ್ಕೆ. ನಿಮ್ಮಪ್ಪ ಹೋದಾಗ ಹನ್ನೊಂದು ದಿನ ಇದ್ರಾಗೆ ನಿಮ್ಮನೆಗೆ ಅನ್ನ ಸಾರು ತಂದೀನಿ. ನಮ್ಮನೆಯವ್ರು ಹೋದಾಗ ನಿಮ್ಮವ್ವ ಹಣಿಕಿ ನೋಡಲಿಲ್ಲ. ದಾವಣಗೇರಿ ಏನ್ ದೂರನಾ? ಇದನ್ನ ನಾ ಮುಟ್ಟಲ್ಲ. ಅವಳೇ ಬಂದು ಕೊಟ್ರೆ ಕೊಡ್ಲಿ. ಇಲ್ಲಾಂದ್ರೆ ಇಲ್ಲೇ ಇರ್ಲಿ, ಎಲ್ರೂ ನೋಡ್ಲಿ."

ಅಷ್ಟು ಹೇಳಿ ಹೋದಳು. ನಾನು ಬಸ್ಸು ಹತ್ತಿ ಮನೆಗೆ ಬರುವಷ್ಟರಲ್ಲಿ ನಾಚಿಕೆಯೆಲ್ಲ ಸಿಟ್ಟಾಗಿತ್ತು. ಅವ್ವ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಚಿಕ್ಕಮ್ಮ ಅಂದದ್ದನ್ನೆಲ್ಲ ಹೇಳಿ ಕೇಳಿದೆ.

"ಚಿಕ್ಕಮ್ಮನ ಮನೆಗೆ ನೀನು ಯಾಕ ಹೋಗಲಿಲ್ಲ?"

ಅವ್ವ ಬತ್ತಿ ಕೆಳಗಿಟ್ಟು ಹೇಳಿದಳು. "ಆ ಡಬ್ಬಿ ಖಾಲಿ ಹೆಂಗೆ ಕೊಡ್ಲಿ? ತುಂಬಿ ಕೊಡೋಣ ಅಂದ್ರೆ ಏನ್ ತುಂಬ್ಲಿ ಹೇಳು. ಹೋಳಿಗೆ ತುಂಬಿದ್ರೆ ಸಾವಿನ ಊಟಕ್ಕೆ ಹಬ್ಬದ ಊಟ ಕೊಟ್ಟಂಗಾಗ್ತೈತೆ. ಅನ್ನ ಸಾರು ತುಂಬಿದ್ರೆ ಅವರ ಮನ್ಯಾಗೂ ಸಾವಾಗ್ಲಿ ಅಂದಂಗಾಗ್ತೈತೆ. ಯೋಚನೆ ಮಾಡ್ತಾ ಮಾಡ್ತಾ ನೀ ಇಲ್ಲಿಗೆ ಕರ್ಕೊಂಡ್ ಬಂದೆ. ವರ್ಷ ಆತು, ಎರಡು ವರ್ಷ ಆತು. ಡಬ್ಬಿ ತಗೊಂಡು ಹೋಗೋಕೆ ನಾಚಿಕೆ, ಬಿಟ್ಟು ಹೋಗೋಕೆ ಇನ್ನೂ ನಾಚಿಕೆ. ಅವ್ಳ ಗಂಡ ಹೋದ ಸುದ್ದಿ ಬಂದ ದಿನ ಸೀರೆ ಉಟ್ಟು ಗೇಟಿನ ತನಕ ಹೋಗಿದ್ದೆ. ಹನ್ನೆರಡು ವರ್ಷದ ಡಬ್ಬಿ ಇಟ್ಕೊಂಡು ಯಾವ ಮುಖ ತೋರಿಸ್ಲಿ ಅನ್ನಿಸ್ತು. ವಾಪಸ್ ಬಂದು ಮಲಗಿದೆ."

"ಒಂದು ಡಬ್ಬಿಗೋಸ್ಕರ ಹಿಂಗೆ ಮಾಡಿದ್ಯಾ? ಬುದ್ಧಿ ಇಲ್ಲೇನು ನಿಂಗೆ?" ಎಂದು ಬೈದೆ.

"ನಿಂಗೆ ಅವ್ಳ ಹೆಸರೇ ಗೊತ್ತಿಲ್ಲ. ನೀ ನಂಗೆ ಹೇಳೋಕೆ ಬರಬ್ಯಾಡ" ಅಂದಳು. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಶನಿವಾರ ಭವನದ ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ರಾತ್ರಿಯೆಲ್ಲ ಓಣಿಯಲ್ಲಿ ಏನೋ ಮಾತುಕತೆ ಆಗಿ ಒಂದು ತೀರ್ಮಾನಕ್ಕೆ ಬಂದಿದ್ದರು. ಹೆಸರಿದ್ದವರಿಗೆ ಪಾತ್ರೆ ವಾಪಸು. ಆದರೆ ಖಾಲಿ ಅಲ್ಲ. ಯಾರ ಮನೆಯಲ್ಲಿ ಪಾತ್ರೆ ಇತ್ತೋ ಅವರು ಅದನ್ನು ಮನೆಗೊಯ್ದು, ತುಂಬಿ ತಂದು, ಇಲ್ಲಿ ಎಲ್ಲರ ಎದುರಿಗೇ ಕೊಡಬೇಕು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಪ್ರದರ್ಶನ ಮದುವೆ ಮನೆಯ ಉಗ್ರಾಣದ ಹಾಗೆ ಘಮಗುಡುತ್ತಿತ್ತು. ಚೊಂಬಿನಲ್ಲಿ ಶೇಂಗಾ ಉಂಡೆ, ಪರಾತದಲ್ಲಿ ಖಾರ ಮಂಡಕ್ಕಿ, ಬೋಗುಣಿಯಲ್ಲಿ ಕರ್ಜಿಕಾಯಿ. ಸೌಟಿನಲ್ಲಿ ಏನನ್ನೂ ತುಂಬಲಾಗದೆ ನಾದಿನಿ ಅದರ ಜೊತೆಗೆ ಒಂದು ಬಕೆಟ್ಟು ಪಾಯಸವನ್ನೇ ತಂದಳು. ಸೌಟಿನ ಒಡತಿ ಒಂದು ಲೋಟ ಕುಡಿದು ನೋಡಿ, "ಏಲಕ್ಕಿ ಕಡಿಮಿ" ಎಂದು ಇನ್ನೊಂದು ಲೋಟ ಹಾಕಿಸಿಕೊಂಡಳು. ಚಾಚಾ ಎರಡೂ ಕಡೆಯವರಿಂದ ತಿಂದರು. ತಮ್ಮದೇ ಹೆಸರಿನ ಪಾತ್ರೆ ಕೊಟ್ಟಿದ್ದವರೂ ಅದನ್ನು ಎತ್ತಿಕೊಂಡು ಹೋದರು. ಸಂಜೆಗೆ ಮೇಜುಗಳ ಮೇಲೆ ಬರೀ ಚೀಟಿಗಳು, ನಡುವೆ ಕ್ಯಾರಿಯರ್ ಒಂದೇ.

ಅತ್ತ ಮನೆಯಲ್ಲಿ ಅವ್ವನೂ ಬೆಳಗಿನಿಂದ ಒಲೆ ಮುಂದೆಯೇ ಇದ್ದಳಂತೆ. ನಾನು ಬಂದಾಗ ಅಡಿಗೆಮನೆ ಕಟ್ಟೆಯ ಮೇಲೆ ಶೇಂಗಾ ಹೋಳಿಗೆ, ಅವಲಕ್ಕಿ, ಕಡುಬು ಎಲ್ಲ ಆರುತ್ತ ಕೂತಿದ್ದವು. "ಇದು ಹಬ್ಬದ್ದಾತು, ಇದು ಟಿಫಿನ್ನಾತು, ಇದು ಹುಷಾರಿಲ್ಲದವರಿಗೆ ಕೊಟ್ಟಂಗಾತು" ಎಂದು ಒಂದೊಂದನ್ನೂ ತಳ್ಳಿಹಾಕಿದಳು. ನಾನು ಕಡುಬು ತಿಂದು ಮಲಗಿದೆ.

ಭಾನುವಾರ ಹನ್ನೊಂದಕ್ಕೆ ಪ್ರತಿಷ್ಠಾನದವರೊಬ್ಬರು ಬಂದರು. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ, ತುಂಬ ಮೆತ್ತಗಿನ ಮಾತು. ಖಾಲಿ ಮೇಜುಗಳನ್ನು ಸುತ್ತು ಹಾಕಿ ಚೀಟಿಗಳನ್ನೆಲ್ಲ ಶ್ರದ್ಧೆಯಿಂದ ಓದಿದರು.

"ವಸ್ತುಗಳು ಎಲ್ಲಿವೆ?"

"ಮನೆಗೆ ಹೋದವು ಸಾರ್."

"ಯಾರು ಒಯ್ದರು?"

"ಸಮುದಾಯ" ಅಂದೆ. ಬೇರೆ ಏನು ಹೇಳಲಿ? ಅವರು ಏನೋ ಬರೆದುಕೊಂಡರು. ಅಷ್ಟರಲ್ಲಿ ಯಾರೋ ಅವರ ಕೈಗೆ ಎರಡು ಉಂಡೆ ಕೊಟ್ಟರು, ಬರೆಯುವುದು ನಿಂತಿತು.

ಆಗ ಅವ್ವ ಬಂದಳು. ಹೇಳಿರಲಿಲ್ಲ, ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ನಮ್ಮ ಮನೆಯ ಪಾತ್ರೆ ಎರಡು. ಯಾರ ಮುಖವನ್ನೂ ನೋಡದೆ ನೇರ ಮೇಜಿಗೆ ಹೋಗಿ ಕ್ಯಾರಿಯರ್‌ನ ಡಬ್ಬಿ ಬಿಚ್ಚತೊಡಗಿದಳು.

"ಅಮ್ಮಾ, ದಯವಿಟ್ಟು ಪ್ರದರ್ಶನದ ವಸ್ತು ಮುಟ್ಟಬೇಡಿ" ಎಂದರು ಜುಬ್ಬಾದವರು. ಉಳಿದಿದ್ದ ಒಂದೇ ವಸ್ತುವಿನ ಮೇಲೆ ಅವರಿಗೂ ಅಕ್ಕರೆ ಹುಟ್ಟಿತ್ತು.

"ಇದು ನಿಂದೇನಪ್ಪ?"

"ಅಲ್ಲ."

"ಮತ್ತೆ ಸುಮ್ಕಿರು."

ಒಂದು ಡಬ್ಬಿಗೆ ಅನ್ನ, ಇನ್ನೊಂದಕ್ಕೆ ಬೇಳೆ ಸಾರು ಸುರಿದಳು. ಸ್ವಲ್ಪ ಸಾರು ನನ್ನ ಮೇಜಿನ ಮೇಲೂ ಚೆಲ್ಲಿತು. ಮುಚ್ಚಳ ಹಾಕಿ, ಭವನ ಇಳಿದು, ಓಣಿಯಲ್ಲಿ ನಡೆದಳು. ನಾನು ಹಿಂದೆ ಹೋದೆ. ನನ್ನ ಹಿಂದೆ ಚಾಚಾ, ಜುಬ್ಬಾದವರು, ಅರ್ಧ ಓಣಿ.

ಚಿಕ್ಕಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಅವ್ವ ಕ್ಯಾರಿಯರ್ ಅವಳ ಮುಂದಿಟ್ಟು ನಿಂತಳು. ಚಿಕ್ಕಮ್ಮ ಮುಚ್ಚಳ ತೆಗೆದು ಅನ್ನ ಸಾರು ನೋಡಿದಳು.

"ಆವತ್ತೇ ತರಬೇಕಿತ್ತು. ತಡ ಆತು" ಅಂದಳು ಅವ್ವ.

"ಹನ್ನೊಂದು ದಿನ ಬಾಗ್ಲು ನೋಡ್ಕೊಂಡು ಕೂತಿದ್ದೆ ಕಣಕ್ಕಾ" ಅಂದಳು ಚಿಕ್ಕಮ್ಮ. "ಊಟ ಎಲ್ರೂ ತಂದ್ರು. ಊಟಕ್ಕೇನು ಕೊರತೆ ಇರಲಿಲ್ಲ."

ಅವ್ವ ಅಲ್ಲೇ, ರಸ್ತೆಯಲ್ಲೇ, ಗಟ್ಟಿಯಾಗಿ ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಚಿಕ್ಕಮ್ಮ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಅವ್ವ ಕೂತಳು. ಚಿಕ್ಕಮ್ಮ ಡಬ್ಬಿಯಲ್ಲೇ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪೇ ಹಾಕಿಲ್ಲಲ್ಲೇ ಯಕ್ಕಾ" ಅಂದಳು. ನಾನು ಉಪ್ಪು ತರಲು ಒಳಗೆ ಹೊರಟೆ. "ಬ್ಯಾಡ, ನೀ ಸುಮ್ನೆ ನಿಂತ್ಕೋ" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಉಪ್ಪಿಲ್ಲದ ಆ ಅನ್ನವನ್ನು ಇಬ್ಬರೂ ತಳ ಕಾಣುವ ತನಕ ಉಂಡರು. ಓಣಿಯವರು ಒಬ್ಬೊಬ್ಬರಾಗಿ ಮನೆ ಸೇರಿದರು. ಜುಬ್ಬಾದವರು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು.

ಹೊರಡುವಾಗ ಚಿಕ್ಕಮ್ಮ ಕ್ಯಾರಿಯರ್ ತೊಳೆದು ಒಳಗಿಟ್ಟು ಬಂದು ಬಾಗಿಲಲ್ಲಿ ನಿಂತು ಹೇಳಿದಳು. "ನಾಳೆ ಬಾ ಯಕ್ಕಾ. ಕೈ ಬೀಸ್ಕೊಂಡು ಬಾ. ಏನಾದ್ರೂ ಹಿಡ್ಕೊಂಡು ಬಂದ್ಯೋ, ಬಾಗ್ಲು ತೆಗೆಯಲ್ಲ ನೋಡು."

ಸೋಮವಾರ ಅವ್ವ ಬೆಳಿಗ್ಗೆಯೇ ಸೀರೆಯುಟ್ಟು ತಯಾರಾದಳು. ಎರಡು ಸಲ ಅಡಿಗೆಮನೆಗೆ ಹೋದಳು, ಎರಡು ಸಲ ಬರಿಗೈಯಲ್ಲಿ ಹೊರಗೆ ಬಂದಳು. ಚೀಲಕ್ಕೆ ಹಾಕಿಕೊಂಡಿದ್ದ ನಾಲ್ಕು ಬಾಳೆಹಣ್ಣನ್ನು ಗೇಟಿನಲ್ಲಿ ನನಗೆ ಕೊಟ್ಟಳು, ಆಮೇಲೆ ಚೀಲವನ್ನೂ ಕೊಟ್ಟಳು. ಸ್ಕೂಲಿಗೆ ಹೋಗುವ ದಾರಿಯಲ್ಲಿ ನಾನೇ ಹರಿಹರದ ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಕೂತು, ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಅವ್ವ ಏನೂ ಹಿಡಿದುಕೊಳ್ಳದೆ ಒಬ್ಬರ ಮನೆಗೆ ಹೊರಟಿದ್ದಳು.